ಎಲೆಯ ಕೂದಲು ನೋಡಿ ಏನು ಸಿಗುತ್ತದೆ?

ಸಾಲ್ವಿಯಾ ಕುಲದ ಗಿಡಗಳ ಎಲೆರೋಮಗಳನ್ನು ಸೂಕ್ಷ್ಮದರ್ಶಕದಲ್ಲಿಟ್ಟು ಹೋಲಿಸುತ್ತೇನೆ ಎಂದರೆ ಸಾಕು, ಈ ಪ್ರಶ್ನೆ ಬರುತ್ತದೆ. ಮದುವೆಯೊಂದರ ಪಂಕ್ತಿಯಲ್ಲಿ ಹಿರಿಯರೊಬ್ಬರು, "ಇಷ್ಟು ಓದಿ ಎಲೆಯ ಕೂದಲು ಎಣಿಸುವುದೇನಮ್ಮ?" ಎಂದರು. ಸಾಲಿಗೆ ಸಾಲೇ ನಕ್ಕಿತು. ನನಗೆ ನಗು ಬರಲಿಲ್ಲ.

ಎಣಿಸುವುದಷ್ಟೇ ಅಲ್ಲ, ಸ್ವಾಮಿ. ತುಳಸಿ, ದೊಡ್ಡಪತ್ರೆಯ ಎಲೆ ಹಿಸುಕಿದಾಗ ಘಮ್ಮೆನ್ನುವುದು ಈ ರೋಮಗಳಿಂದಲೇ. ಅದೇ ಕುಟುಂಬದ, ನಾನು ನೋಡುವ ಸಾಲ್ವಿಯಾ ಕುಲಕ್ಕೇ ಸೇರಿದ ಸೇಜ್ ಗಿಡದ ಗ್ರಂಥಿರೋಮವನ್ನು, ಅಂದರೆ ಎಣ್ಣೆ ಸ್ರವಿಸುವ ರೋಮವನ್ನು ನೋಡಿ: ಬುಡಕ್ಕೊಂದು ಕೋಶ, ಗಿಡ್ಡ ಕತ್ತು, ಮೇಲೆ ಹಲವು ಕೋಶಗಳ ಅಗಲವಾದ ತಲೆ. ತಲೆಯ ಕೋಶಗಳು ಸ್ರವಿಸಿದ ಎಣ್ಣೆ ಹೊರಪೊರೆಯ ಅಡಿಯಲ್ಲಿ ತುಂಬಿ, ಪೊರೆ ಗುಳ್ಳೆಯಂತೆ ಉಬ್ಬುತ್ತದೆ. ಬೆರಳು ತಗುಲಿ ಅದು ಒಡೆದರೆ ಪರಿಮಳ.

ಆ ಎಣ್ಣೆಯೂ ಎಲ್ಲ ಪ್ರಭೇದಗಳಲ್ಲಿ ಒಂದೇ ಅಲ್ಲ. ಅಡುಗೆಯ ಸೇಜ್‌ನಲ್ಲಿ ಥುಜೋನ್ ಎಂಬ ರಾಸಾಯನಿಕ ಹೆಚ್ಚು. ಅತಿಯಾದರೆ ಫಿಟ್ಸ್ ತರಿಸಬಲ್ಲದು. ಅದೇ ಕುಲದ ಇನ್ನೊಂದು ಪ್ರಭೇದ ಗ್ರೀಕ್ ಸೇಜ್‌ನಲ್ಲಿ ಸಿನಿಯೋಲ್ ಎಂಬ ಬೇರೆ ರಾಸಾಯನಿಕ ಮುಂದು. ಎಲೆ ಪುಡಿಯಾದ ಮೇಲೆ ಅದರ ಆಕಾರ ಹೇಳುವವರಾರು? ಪುಡಿಯಲ್ಲೂ ರೋಮದ ತುಣುಕುಗಳು ಉಳಿದಿರುತ್ತವೆ. ಔಷಧಿ ಎಲೆಯ ಗುರುತು ಹಿಡಿಯುವವರು ಅವುಗಳನ್ನು ನೋಡಿಯೇ ನೋಡುತ್ತಾರೆ. ಪ್ರಯೋಜನ ಕೇಳಿದವರಿಗೆ ಇಷ್ಟು ಸಾಕು.

ಯಾರಾದರೂ ರೋಸ್‌ಮರಿಯ ಬಗ್ಗೆ ಕೇಳಬಾರದೇ ಎಂದು ನನಗೆ ಆಸೆ. 1753ರಲ್ಲಿ ಗಿಡಗಳಿಗೆ ವೈಜ್ಞಾನಿಕ ಹೆಸರಿಟ್ಟ ಲಿನೇಯಸ್ ಅದನ್ನು ಬೇರೆಯೇ ಕುಲದಲ್ಲಿ ಇಟ್ಟಿದ್ದ. ಡಿಎನ್‌ಎ ಸಾಕ್ಷ್ಯ ಅದನ್ನು ಸಾಲ್ವಿಯಾಗಳ ನಡುವೆಯೇ ತಂದು ನಿಲ್ಲಿಸಿತು. 2017ರಲ್ಲಿ ಸಸ್ಯವಿಜ್ಞಾನಿಗಳು ಅದನ್ನು ಸಾಲ್ವಿಯಾ ರೋಸ್‌ಮರೈನಸ್ ಎಂದು ಕರೆಯುವುದೇ ಸರಿ ಎಂದು ವಾದಿಸಿದರು. ಈಗ ಸೇಜ್, ರೋಸ್‌ಮರಿ ಎರಡರ ಎಲೆಯನ್ನೂ ತಿರುಗಿಸಿ ತಳಭಾಗ ನೋಡಿ. ಸೇಜ್ ಎಲೆಯಡಿ ಕವಲಿಲ್ಲದ, ಕೋಶದ ಮೇಲೆ ಕೋಶ ಜೋಡಿಸಿದ ಉದ್ದ ರೋಮಗಳು. ರೋಸ್‌ಮರಿಯ ಅಂಚು ಒಳಕ್ಕೆ ಸುರುಳಿ. ಒಳಗೆ ಕವಲೊಡೆದ ರೋಮಗಳು ಒಂದರೊಳಗೊಂದು ಹೆಣೆದು ಬಿಳಿ ಹೊದಿಕೆಯಾಗಿವೆ. ಎರಡೂ ಮೆಡಿಟರೇನಿಯನ್ ಸೀಮೆಯ ಬಿಸಿಲು, ಒಣ ಬೇಸಿಗೆ ಉಂಡು ಬೆಳೆದವು. ಎಣ್ಣೆ ತುಂಬುವ ಗ್ರಂಥಿರೋಮ ಎರಡರಲ್ಲೂ ಇದೆ, ಪುದೀನದಲ್ಲೂ ಇದೆ. ಕವಲು ಮಾತ್ರ ಒಂದರಲ್ಲಿದೆ, ಇನ್ನೊಂದರಲ್ಲಿಲ್ಲ. ರೋಮದ ಯಾವ ಲಕ್ಷಣ ವಂಶದಿಂದ ಬಂತು, ಯಾವುದು ಆಮೇಲೆ ಬದಲಾಯಿತು? ಒಂದು ಗಿಡವನ್ನಷ್ಟೇ ನೋಡಿದರೆ ಇದು ತಿಳಿಯುವುದಿಲ್ಲ, ಅದಕ್ಕೇ ಹೋಲಿಸುತ್ತೇನೆ.