ಕಾಲನಿರ್ಣಯ ಕ್ಯಾಲೆಂಡರ್ ಮೇಲೆ ನನ್ನ ಕೆರಿಯರ್ ಪ್ಲಾನ್

ಏಪ್ರಿಲ್‌ನಲ್ಲಿ ಆಫೀಸಲ್ಲಿ ಅಪ್ರೈಸಲ್ ಫಾರ್ಮ್ ಬಂತು, ಕಡೇ ಪೇಜಲ್ಲಿ ಅದೇ ಹಳೇ ಡೆವಲಪ್‌ಮೆಂಟ್ ಪ್ಲಾನ್. ಹೋದ್ವರ್ಷದ್ದು ತೆಗ್ದು ನೋಡಿದ್ರೆ 'ಅಡ್ವಾನ್ಸ್ಡ್ ಎಕ್ಸೆಲ್ ಕಲಿಯೋದು, ಕಮ್ಯುನಿಕೇಶನ್ ಇಂಪ್ರೂವ್ ಮಾಡ್ಕೊಳ್ಳೋದು' ಅಂತಿದೆ, ಅದರ ಹಿಂದಿನ ವರ್ಷಾನೂ ಅದೇ. ನಾಚಿಕೆ ಆಯ್ತು ಮಾರಾಯ್ರೆ. ಒಂಬತ್ತು ವರ್ಷ ಆಯ್ತು, ಇನ್ನೂ ಬಿಲ್ ಎಂಟ್ರಿ, ರಿಟರ್ನ್ ಫೈಲಿಂಗ್. ನಂಗೆ ಬೇಕಾಗಿರೋದು ಕಾಸ್ಟಿಂಗ್ ಕೆಲ್ಸ, ಅಂದ್ರೆ ಒಂದು ಮಾಲು ತಯಾರಿಸೋಕೆ ಎಷ್ಟು ಖರ್ಚು ಬೀಳುತ್ತೆ ಅನ್ನೋ ಲೆಕ್ಕ, ಅದಕ್ಕೆ ಸಿಎಂಎ ಅನ್ನೋ ಕಾಸ್ಟ್ ಅಕೌಂಟೆಂಟ್ ಕೋರ್ಸ್ ಮಾಡ್ಬೇಕು, ಬಿಕಾಂ ಆಗಿದ್ರಿಂದ ನೇರ ಅದರ ಎರಡನೇ ಹಂತ ಇಂಟರ್‌ಗೇ ಸೇರ್ಬಹುದು. ಇದು ಗೊತ್ತಿದ್ದೂ ನಾಲ್ಕು ವರ್ಷ ಸುಮ್ನೆ ಕೂತಿದ್ದೆ.

ಫಾರ್ಮಲ್ಲಿ ಸ್ಮಾರ್ಟ್ (SMART) ಗೋಲ್ ಅಂತ ಒಂದೊಂದು ಅಕ್ಷರಕ್ಕೆ ಒಂದರಂತೆ ಐದು ಕಾಲಂ ಇತ್ತು. ಹುಡುಕಿ ಓದ್ದೆ, 1981ರಲ್ಲಿ ಜಾರ್ಜ್ ಡೋರನ್ ಅನ್ನೋರು ಇದನ್ನ ಬರ್ದಾಗ ಅದರ 'ಎ' ಅಂದ್ರೆ ಅಸೈನಬಲ್, ಅಂದ್ರೆ ಯಾರು ಮಾಡೋದು ಅಂತ, ಈಗ ಹೆಚ್ಚಿನ ಕಡೆ ಅದು ಅಚೀವಬಲ್ ಆಗ್ಬಿಟ್ಟಿದೆ. ನಂಗೆ ಹಳೇದೇ ಸರಿ ಅನ್ನಿಸ್ತು, ಯಾಕಂದ್ರೆ ನಾನು ಓದೋಕೆ ಕೂತ್ರೆ ರಾತ್ರಿ ಅನ್ನಕ್ಕೆ ಇಡೋದು ಯಾರು?

ಹಾಗಾಗಿ ಪ್ಲಾನ್ ಆಫೀಸ್ ಫಾರ್ಮಲ್ಲಿ ಬರೀಲಿಲ್ಲ, ಗ್ಯಾಸ್ ಪಕ್ಕ ನೇತಾಡೋ ಕಾಲನಿರ್ಣಯದಲ್ಲಿ ಬರ್ದೆ, ಹಾಲಿನ ಲೆಕ್ಕದ ಕೆಳಗೆ. ಮೊದ್ಲು ಓದೋಕೆ ಆಗದೇ ಇರೋ ದಿನ ಹೊಡೆದು ಹಾಕಿದೆ. ಪ್ರತಿ ತಿಂಗಳು 7ಕ್ಕೆ ಟಿಡಿಎಸ್, ಅಂದ್ರೆ ಹಿಡಿದಿಟ್ಟ ತೆರಿಗೆ ಕಟ್ಬೇಕು, 11ಕ್ಕೆ ಮಾರಾಟದ ಲೆಕ್ಕ ಕೊಡೋ ಜಿಎಸ್‌ಟಿಆರ್-1 ರಿಟರ್ನ್, 20ಕ್ಕೆ ಜಿಎಸ್‌ಟಿ ಕಟ್ಟೋ 3ಬಿ ರಿಟರ್ನ್. ಅಂದ್ರೆ 5ರಿಂದ 20ರ ತನಕ ನಾನು ಯಾರ ಕೈಗೂ ಸಿಗಲ್ಲ, ಪುಸ್ತಕದ ಕೈಗಂತೂ ಇಲ್ಲವೇ ಇಲ್ಲ. ಪರೀಕ್ಷೆ ಜೂನ್ ಮತ್ತೆ ಡಿಸೆಂಬರ್‌ನಲ್ಲಿ. ಜೂನ್ ಅಂದ್ರೆ ಓದ್ಬೇಕಾದ ಏಪ್ರಿಲ್-ಮೇ ತಿಂಗಳಲ್ಲಿ ಇಯರ್ ಎಂಡ್ ಗಲಾಟೆ, ಡಿಸೆಂಬರ್ ಅಂದ್ರೆ ಸೆಪ್ಟೆಂಬರ್ 30ರ ಟ್ಯಾಕ್ಸ್ ಆಡಿಟ್ ಅಡ್ಡ ಬರುತ್ತೆ, ಆದ್ರೂ ನವೆಂಬರ್ ಒಂದಾದ್ರೂ ಸಿಗುತ್ತಲ್ಲ ಅಂತ ಡಿಸೆಂಬರೇ ಇಟ್ಕೊಂಡೆ. ಅದೂ ಒಂದೇ ಗ್ರೂಪು, ನಾಲ್ಕು ಪೇಪರ್. ಪ್ರತಿ ಪೇಪರಲ್ಲಿ 40 ಬರ್ಬೇಕು, ಒಟ್ಟಲ್ಲಿ 50 ಪರ್ಸೆಂಟ್. ಎರಡೂ ಗ್ರೂಪ್ ಒಟ್ಟಿಗೆ ಕಟ್ಟಿ ಅಂತ ಕ್ಲಾಸಿನವ್ರು ಹೇಳಿದ್ರು, ಅವ್ರೇನು ನನ್ನ ಹಾಗೆ ಮುಂಬೈ ಲೋಕಲ್ ಟ್ರೈನಲ್ಲಿ ಡೊಂಬಿವಿಲಿಯಿಂದ ಘಾಟ್ಕೋಪರ್ ತನಕ ನಿಂತ್ಕೊಂಡು ಹೋಗಿ ಅಲ್ಲಿಂದ ಮೆಟ್ರೋ ಹಿಡಿದು ಸಾಕಿನಾಕಾ ಸೇರ್ತಾರಾ.

ಲೋಕಲ್‌ನಲ್ಲಿ ಓದ್ಬಹುದು ಅಂತ ಎಲ್ರೂ ಹೇಳ್ತಾರೆ. ಲಾ ಪೇಪರ್ ಇಯರ್‌ಫೋನಲ್ಲಿ ಕೇಳ್ಬಹುದು, ಒಪ್ಪಿದೆ. ಆದ್ರೆ ಪ್ರೊಸೆಸ್ ಕಾಸ್ಟಿಂಗ್ ಲೆಕ್ಕ ಮೂವರ ಬೆಂಚಿನ ತುದೀಲಿ ಸಿಗೋ ಫೋರ್ತ್ ಸೀಟಲ್ಲಿ ಅರ್ಧ ತೂಗಾಡ್ಕೊಂಡು ಕೂತು ಆಗಲ್ಲ, ಅದಕ್ಕೆ ಟೇಬಲ್ ಬೇಕು, ಮೂರು ಗಂಟೆ ಬೇಕು. ಮಂಗಳವಾರ, ಗುರುವಾರ ರಾತ್ರಿ, ಭಾನುವಾರ ಬೆಳಿಗ್ಗೆ ಅಂತ ಗುರುತು ಹಾಕಿ ಮಂಗಳವಾರ-ಗುರುವಾರದ ಅಡುಗೆ ಎದುರಿಗೆ ಗಂಡನ ಹೆಸ್ರು ಬರ್ದೆ. ಅವ್ರು ಏನೂ ಹೇಳ್ಲಿಲ್ಲ, ಅತ್ತೆ ಮುಖ ಸ್ವಲ್ಪ ಊದಿತ್ತು. ಬಾಯಿ ಮುಚ್ಚಿಸಿದ್ದು ಮಾವ. ಹದಿನಾಲ್ಕು ವರ್ಷಕ್ಕೆ ಊರು ಬಿಟ್ಟು ಮುಂಬೈಯ ಫೋರ್ಟಲ್ಲಿ ಹೋಟ್ಲಿಗೆ ಸೇರಿ, ಕಪ್ ತೊಳ್ದು ರಾತ್ರಿ ಕನ್ನಡ ಶಾಲೆಗೆ ಹೋಗಿ ಎಸ್ಸೆಸ್ಸಿ ಮಾಡಿದ ಜನ ಅವ್ರು. "ನಂಗೆ ಭಟ್ರು ಏಳು ಗಂಟೆಗೆ ಬಿಡ್ತಿದ್ರು, ಇವಳನ್ನ ನಾವು ಬಿಡ್ಬೇಡ್ವಾ" ಅಂದ್ರು ಅಷ್ಟೇ.

ಇನ್ನು ಆ ಕಮ್ಯುನಿಕೇಶನ್. ಅದನ್ನ ಒಂದೇ ಸಾಲಿಗೆ ಇಳಿಸ್ದೆ: ಸೋಮವಾರದ ರಿವ್ಯೂ ಮೀಟಿಂಗಲ್ಲಿ ಒಂದು ಪ್ರಶ್ನೆ, ಇಂಗ್ಲಿಷ್ ತಡವರಿಸಿದ್ರೆ ಹಿಂದೀಲಿ. ಮೊದಲನೇ ವಾರ ಎದೆ ಡವಡವ, ಎರಡನೇ ವಾರ ರಜೆ ಹಾಕಿದೆ, ಸುಳ್ಳು ಯಾಕೆ ಹೇಳ್ಲಿ. ಮೂರನೇ ವಾರ ಒಂದು ಮೆಷಿನಿನ ಸ್ಕ್ರಾಪ್ ಯಾಕೆ ಜಾಸ್ತಿ ಅಂತ ಕೇಳ್ದೆ, ಯಾರ ಹತ್ರಾನೂ ಉತ್ತರ ಇರ್ಲಿಲ್ಲ, ನೀವೇ ನೋಡಿ ಹೇಳಿ ಅಂದ್ರು. ಈಗ ಆ ಶೀಟ್ ನನ್ನ ಹತ್ರ ಇದೆ, ಎಕ್ಸೆಲ್ಲೂ ಅದರಲ್ಲೇ ಕಲೀತಾ ಇದೀನಿ.

ಹೋದ ತಿಂಗಳ ಹಾಳೆ ಹರಿಯೋ ಮುಂಚೆ ಎಣಿಸಿದೆ. ಹಾಲು 27 ದಿನ, ಓದು 6 ದಿನ, ಹಾಕ್ಕೊಂಡಿದ್ದು 7. ಗುರುವಾರದ ಸಾರಿಗೆ ಉಪ್ಪು ಜಾಸ್ತಿ.