ಕಾನೂನು ಕಾಲೇಜಿನ ಲೈಬ್ರರಿ ಊರಿನವರಿಗೂ ಬೇಕು

ಹಾಸನದ ಒಂದು ಕಾನೂನು ಕಾಲೇಜಿನಲ್ಲಿ ನಾನು ಲೈಬ್ರರಿ ನೋಡಿಕೊಳ್ಳುತ್ತೇನೆ. ಭಾನುವಾರ ಮಧ್ಯಾಹ್ನ ಊರಿನವರೂ ನಮ್ಮ ವಿದ್ಯಾರ್ಥಿಗಳೂ ಒಟ್ಟಿಗೆ ಕೂತು ಕಾನೂನು ಓದುತ್ತಾರೆ ಅಂತ ಯಾರಿಗಾದರೂ ಹೇಳಿದರೆ, ‘ವಕೀಲರು ಇರೋದು ಯಾಕೆ ಮತ್ತೆ, ಜನ ಯಾಕೆ ಓದಬೇಕು?’ ಅಂತ ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ ಅದು. ನನ್ನ ಉತ್ತರ ಇಷ್ಟು: ವಕೀಲರ ಹತ್ತಿರ ಹೋಗುವ ಹೊತ್ತಿಗೆ ಆಗಬಾರದ್ದು ಎಷ್ಟೋ ಸಲ ಆಗಿ ಹೋಗಿರುತ್ತದೆ. ಹಕ್ಕು ಕೈ ಬಿಡುವುದು ಕೋರ್ಟಿನಲ್ಲಿ ಕಡಿಮೆ. ಸಬ್ ರಿಜಿಸ್ಟ್ರಾರ್ ಆಫೀಸಿನ ಮುಂದೆ, ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ, ಠಾಣೆಯ ಬೆಂಚಿನ ಮೇಲೆ ಜಾಸ್ತಿ. ಅಲ್ಲಿ ಯಾರ ಪಕ್ಕದಲ್ಲೂ ವಕೀಲರು ಇರುವುದಿಲ್ಲ.

ನಮ್ಮ ಲೈಬ್ರರಿಯಲ್ಲಿ ಕೋರ್ಟ್ ತೀರ್ಪುಗಳ ಎಐಆರ್ ಸಂಪುಟಗಳಿವೆ, ಕರ್ನಾಟಕ ಹೈಕೋರ್ಟ್ ತೀರ್ಪುಗಳ ಐಎಲ್‌ಆರ್ ಇದೆ, ಒಂದೊಂದು ಕಾಯ್ದೆಯ ತೆಳು ಪುಸ್ತಕಗಳಿವೆ. ಕಾನೂನು ಕಾಲೇಜು ಇಲ್ಲದ ತಾಲ್ಲೂಕುಗಳಲ್ಲಿ ಇವು ಸಾಮಾನ್ಯ ಜನರ ಕಣ್ಣಿಗೆ ಬೀಳುವುದೇ ಇಲ್ಲ. ಇಷ್ಟೆಲ್ಲ ಪುಸ್ತಕ ಪರೀಕ್ಷೆಗೆ ಓದುವವರಿಗೆ ಮಾತ್ರ ಅಂದರೆ ನನಗೆ ಒಪ್ಪಿಗೆ ಆಗುವುದಿಲ್ಲ. ಬಾರ್ ಕೌನ್ಸಿಲಿನ 2008ರ ಕಾನೂನು ಶಿಕ್ಷಣ ನಿಯಮದ ಪ್ರಕಾರ ಪ್ರತಿ ಕಾನೂನು ಕಾಲೇಜಿನಲ್ಲೂ ಕಾನೂನು ನೆರವು ಕೇಂದ್ರ ಇರಲೇಬೇಕು. ಆ ಕೇಂದ್ರಕ್ಕೂ ಪುಸ್ತಕದ ಕಪಾಟಿಗೂ ನಡುವೆ ಗೋಡೆ ಯಾಕೆ ಬೇಕು?

ಓದುವುದು ಅಂದರೆ ಸುಮ್ನೆ ಪುಸ್ತಕ ಕೊಟ್ಟು ಕೂರಿಸುವುದಲ್ಲ. ಕಾಯ್ದೆಯ ಒಂದು ವಾಕ್ಯ ಅರ್ಧ ಪುಟ ಹೋಗುತ್ತದೆ, ಕನ್ನಡದಲ್ಲಿ ಇದ್ದರೂ ಅಷ್ಟೆ. ನಾವು ಒಬ್ಬರ ಕೈಲಿ ಗಟ್ಟಿಯಾಗಿ ಓದಿಸುತ್ತೇವೆ. ಒಂದು ಉಪಕಲಂ ಮುಗಿದ ತಕ್ಷಣ ನಿಲ್ಲಿಸುತ್ತೇವೆ. ಆಮೇಲೆ ಇನ್ನೊಬ್ಬರು ಅದನ್ನೇ ತಮ್ಮ ಮಾತಿನಲ್ಲಿ ಹೇಳಬೇಕು. ಅಕ್ಷರ ಬಾರದವರೂ ಇದರಲ್ಲಿ ಹಿಂದೆ ಬೀಳುವುದಿಲ್ಲ, ಕೆಲವು ಸಲ ಅವರೇ ಎಲ್ಲರಿಗಿಂತ ಚೆನ್ನಾಗಿ ಹೇಳುತ್ತಾರೆ, ಯಾಕೆಂದರೆ ಆ ವಿಷಯ ಅವರ ಮನೆಯಲ್ಲೇ ನಡೆದಿರುತ್ತದೆ.

ಹೆಣ್ಣುಮಕ್ಕಳ ಆಸ್ತಿ ಹಕ್ಕಿನ ಓದು ನನಗೆ ಇವತ್ತಿಗೂ ಎಲ್ಲಕ್ಕಿಂತ ಮುಖ್ಯ. ನಮ್ಮ ಕಡೆ ತಂದೆ ತೀರಿಕೊಂಡ ಮೇಲೆ ಜಮೀನನ್ನು ವಾರಸುದಾರರ ಹೆಸರಿಗೆ ಪೌತಿ ಖಾತೆ ಮಾಡಿಸಬೇಕು, ವಂಶವೃಕ್ಷ ತೆಗೆಸಬೇಕು. ಆಗ ಮದುವೆಯಾಗಿ ಹೋದ ಹೆಣ್ಣುಮಕ್ಕಳಿಗೆ ಫೋನ್ ಬರುತ್ತದೆ. ‘ಬಂದು ಒಂದು ಸಹಿ ಹಾಕಿ ಹೋಗವ್ವ, ಆಫೀಸಿನವರು ಕೇಳ್ತಾವ್ರೆ.’ ಆ ಸಹಿ ಕೆಲವೊಮ್ಮೆ ಬರೀ ಖಾತೆಗೆ. ಇನ್ನು ಕೆಲವೊಮ್ಮೆ ಅದು ಹಕ್ಕು ಬಿಡುಗಡೆ ಪತ್ರ. ಅರಿಶಿನ ಕುಂಕುಮಕ್ಕೆ ಅಂತ ಒಂದಿಷ್ಟು ದುಡ್ಡು, ಒಂದು ಸೀರೆ ಕೊಟ್ಟು ಕಳಿಸುತ್ತಾರೆ. ತವರಿನ ಬಾಗಿಲು ಮುಚ್ಚಿಹೋಗಬಾರದು ಅಂತ ಹೆಣ್ಣುಮಕ್ಕಳೂ ಸಹಿ ಮಾಡುತ್ತಾರೆ. ಅವರ ಆ ಭಯ ಸುಳ್ಳಲ್ಲ, ಅದನ್ನು ಯಾರೂ ಹಗುರವಾಗಿ ತೆಗೆದುಕೊಳ್ಳಬಾರದು. ಆದರೆ ಏನು ಬಿಟ್ಟುಕೊಡುತ್ತಿದ್ದೇವೆ ಅಂತ ಗೊತ್ತಿದ್ದು ಬಿಡುವುದೇ ಬೇರೆ, ಗೊತ್ತಿಲ್ಲದೆ ಹೆಬ್ಬೆಟ್ಟು ಒತ್ತುವುದೇ ಬೇರೆ, ಅಲ್ವಾ?

ಹಾಗಾಗಿ ಆವತ್ತು ಇಸವಿ ಪ್ರಕಾರ ಓದಿದೆವು. ಹಿಂದೂ ಉತ್ತರಾಧಿಕಾರ ಕಾಯ್ದೆ 1956ರದ್ದು. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಅಂತ ಕರ್ನಾಟಕ 1994ರಲ್ಲೇ ತಿದ್ದುಪಡಿ ಮಾಡಿತು, ಕೇಂದ್ರಕ್ಕಿಂತ ಹತ್ತು ವರ್ಷಕ್ಕೂ ಮೊದಲು. ಆದರೆ ಆ ತಿದ್ದುಪಡಿ ಜಾರಿಗೆ ಬರುವ ಮೊದಲೇ ಮದುವೆಯಾದ ಹೆಣ್ಣುಮಕ್ಕಳನ್ನು ಅದು ಹೊರಗಿಟ್ಟಿತು. 2005ರ ಕೇಂದ್ರ ತಿದ್ದುಪಡಿಯಲ್ಲಿ ಆ ಭೇದ ಹೋಯಿತು. ಆಮೇಲೆ 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಈ ಹಕ್ಕು ಹುಟ್ಟಿನಿಂದಲೇ ಬರುತ್ತದೆ, 2005ರಲ್ಲಿ ತಂದೆ ಬದುಕಿರಲೇಬೇಕು ಅಂತೇನಿಲ್ಲ ಎಂದು ಹೇಳಿತು. 2004ರ ಡಿಸೆಂಬರ್ 20ಕ್ಕೆ ಮೊದಲೇ ರಿಜಿಸ್ಟರ್ ಆಗಿ ಅಥವಾ ಕೋರ್ಟ್ ಡಿಕ್ರಿಯಿಂದ ಭಾಗ ಆಗಿದ್ದರೆ ಅದನ್ನು ಮತ್ತೆ ತೆಗೆಯಲು ಬರುವುದಿಲ್ಲ. ತಂದೆ ತಾವೇ ದುಡಿದು ಮಾಡಿದ ಸ್ವಯಾರ್ಜಿತಕ್ಕೆ ಬೇರೆ ಲೆಕ್ಕ, ಅದನ್ನು ಅವರು ವಿಲ್ ಮಾಡಿ ಯಾರಿಗೆ ಬೇಕಾದರೂ ಕೊಡಬಹುದು.

ಇದನ್ನು ಓದುವಾಗ ಕೋಣೆಯಲ್ಲಿ ಎಲ್ಲರೂ ಬೆರಳು ಮಡಚಿ ಇಸವಿ ಎಣಿಸುತ್ತಿದ್ದರು. ನನ್ನ ಮದುವೆ ಯಾವಾಗ ಆಯ್ತು, ಅಪ್ಪ ಹೋಗಿದ್ದು ಯಾವಾಗ, ಪಾಲು ಆಗಿದ್ದು ಬಾಯಿಮಾತಲ್ಲೋ ಪತ್ರದಲ್ಲೋ. ಆಲೂರು ಕಡೆಯ ಒಬ್ಬರು ಇಡೀ ಹೊತ್ತು ಮಾತೇ ಆಡಲಿಲ್ಲ. ಕೊನೆಗೆ, ‘ನಮ್ಮಣ್ಣ ಮುಂದಿನ ವಾರ ಬಾ ಅಂದವ್ನೆ, ಪತ್ರ ಮೊದ್ಲು ಕೈಗೆ ಕೊಡು, ಓದಿಸ್ಕೊಂಡು ಬತ್ತೀನಿ ಅಂತ ಹೇಳ್ಬೋದಾ?’ ಅಂತ ಕೇಳಿದರು. ಹೇಳಬಹುದು. ಕೇಸು ಹಾಕಿ ಅಂತ ನಾವು ಯಾರಿಗೂ ಹೇಳುವುದಿಲ್ಲ, ಹೇಳುವ ಅಧಿಕಾರವೂ ನನಗಿಲ್ಲ. ಸಹಿಗೆ ಮೊದಲು ಓದಿಸಿಕೊಂಡು ಬರುತ್ತೇನೆ ಅನ್ನುವ ಒಂದು ಮಾತು ಬಾಯಿಗೆ ಬರಬೇಕು. ಅಷ್ಟಾದರೆ ಲೈಬ್ರರಿ ತನ್ನ ಕೆಲಸ ಮಾಡಿದ ಹಾಗೆ.

ಜಮೀನಿನ ವಿಷಯ ಬಂದರೆ ಕೋಣೆ ತುಂಬುತ್ತದೆ. ಬಗರ್‌ಹುಕುಂ (ಅನುಮತಿ ಇಲ್ಲದೆ ಉಳುತ್ತಿರುವ ಸರ್ಕಾರಿ ಜಮೀನಿನ ಸಕ್ರಮ) ಅರ್ಜಿಗಳು, ಅವುಗಳ ಫಾರಂ 50, 53, 57 ಅಂತ ಯಾವುದು ಯಾವಾಗಿನದು ಅನ್ನುವ ಗೊಂದಲ, ಹೇಮಾವತಿ ಅಣೆಕಟ್ಟೆಯಿಂದ ಮುಳುಗಡೆಯಾದವರ ಬದಲಿ ಭೂಮಿ. ಅದರಲ್ಲೂ ಪಿಟಿಸಿಎಲ್. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನು ಬೇರೆಯವರ ಕೈ ಸೇರುವುದನ್ನು ತಡೆಯುವ 1978ರ ಕಾಯ್ದೆ ಇದು. ಸರ್ಕಾರದ ಅನುಮತಿ ಇಲ್ಲದೆ ಕ್ರಯ ಆಗಿದ್ದರೆ ವಾಪಸ್ ಕೊಡಿಸಿ ಅಂತ ಅರ್ಜಿ ಹಾಕುವುದು ಎಸಿ (ಉಪವಿಭಾಗಾಧಿಕಾರಿ) ಹತ್ತಿರ, ನಮ್ಮ ಜಿಲ್ಲೆಯಲ್ಲಿ ಹಾಸನ ಅಥವಾ ಸಕಲೇಶಪುರ ಉಪವಿಭಾಗದಲ್ಲಿ. ಮೇಲ್ಮನವಿ ಡಿಸಿ ಹತ್ತಿರ. ಎಷ್ಟೋ ವರ್ಷ ಸುಮ್ಮನಿದ್ದು ಆಮೇಲೆ ಅರ್ಜಿ ಹಾಕಿದರೆ ಆಗುವುದಿಲ್ಲ, ತಕ್ಕ ಸಮಯದಲ್ಲೇ ಹಾಕಬೇಕು ಅಂತ 2017ರಲ್ಲಿ ಸುಪ್ರೀಂ ಕೋರ್ಟು ಹೇಳಿದ ಮೇಲೆ ಎಷ್ಟೋ ಜನ ಸೋತರು. 2023ರಲ್ಲಿ ರಾಜ್ಯ ಸರ್ಕಾರ ತಿದ್ದುಪಡಿ ತಂದು ಕಾಲಮಿತಿ ಇಲ್ಲ ಅಂತ ಸೇರಿಸಿತು. ಅದಾದ ಮೇಲೂ ತಡ ಮಾಡಿದವರ ಪ್ರಶ್ನೆ ಕೋರ್ಟುಗಳಲ್ಲಿ ಚರ್ಚೆಯಾಗುತ್ತಲೇ ಇದೆ. ಹೊಸ ಕಾಯ್ದೆ ಬಂತು, ಎಲ್ಲ ಸರಿಹೋಯಿತು ಅಂತ ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ ಅಂತ ನಾವು ಆವತ್ತೇ ಹೇಳುತ್ತೇವೆ. ಅರ್ಧ ತಿಳಿದುಕೊಂಡರೆ ದಲ್ಲಾಳಿಗೆ ಲಾಭ.

ಇದೇ ಕಾರಣಕ್ಕೆ ಕಪಾಟನ್ನು ಬದಲಾಯಿಸಿದೆವು. ಲೈಬ್ರರಿಯ ವರ್ಗೀಕರಣ ಸಂಖ್ಯೆ ವಿದ್ಯಾರ್ಥಿಗಳಿಗೆ ಸರಿ, ಹೊರಗಿನಿಂದ ಬಂದವರಿಗೆ ಅದು ಏನೂ ಹೇಳುವುದಿಲ್ಲ. ಬಾಗಿಲ ಹತ್ತಿರದ ಕಪಾಟಿಗೆ ಈಗ ‘ಜಮೀನು’, ‘ಮದುವೆ ಮತ್ತು ಜೀವನಾಂಶ’, ‘ಕೂಲಿ’, ‘ಠಾಣೆ’, ‘ಜಾತಿ ದೌರ್ಜನ್ಯ’ ಅಂತ ದಪ್ಪ ಅಕ್ಷರದಲ್ಲಿ ಚೀಟಿ ಅಂಟಿಸಿದೆ. ಸಕಲೇಶಪುರದ ಕಾಫಿ ತೋಟದ ಲೈನ್ ಮನೆಯಿಂದ ಬಂದವರು ಕೇಳುವುದು ‘ತೋಟದ ಕೆಲಸ ಬಿಟ್ರೆ ಮನೆ ಖಾಲಿ ಮಾಡ್ಬೇಕಾ?’ ಅಂತ. ಅವರಿಗೆ 1951ರ ಪ್ಲಾಂಟೇಶನ್ ಕಾರ್ಮಿಕರ ಕಾಯ್ದೆ, ಅದನ್ನು ಒಳಗೆ ಸೇರಿಸಿಕೊಂಡ 2020ರ ಸಂಹಿತೆ, ಇವುಗಳ ಹೆಸರು ಗೊತ್ತಿರಬೇಕಾಗಿಲ್ಲ. ಪ್ರಶ್ನೆ ಅವರದು, ಹುಡುಕುವ ಕೆಲಸ ನಮ್ಮದು.

‘ಠಾಣೆ’ ಕಪಾಟಿನಲ್ಲಿ ದೊಡ್ಡ ಕೆಲಸ ಇತ್ತು. 2024ರ ಜುಲೈ 1ರಿಂದ ಐಪಿಸಿ, ಸಿಆರ್‌ಪಿಸಿ ಅನ್ನುವ ಹಳೆ ಅಪರಾಧ ಕಾನೂನುಗಳು ಹೋಗಿ ಹೊಸ ಸಂಹಿತೆಗಳು ಬಂದವಲ್ಲ, ಎಲ್ಲರ ಬಾಯಲ್ಲಿದ್ದ ಕಲಂ ನಂಬರುಗಳೆಲ್ಲ ಬದಲಾದವು. ಜೀವನಾಂಶದ 125 ಈಗ ನಾಗರಿಕ ಸುರಕ್ಷಾ ಸಂಹಿತೆಯ 144. ಎಫ್‌ಐಆರ್‌ನ 154 ಈಗ 173. ಘಟನೆ ಎಲ್ಲೇ ನಡೆದಿರಲಿ, ‘ಇದು ನಮ್ಮ ಲಿಮಿಟ್ ಅಲ್ಲ’ ಅಂತ ವಾಪಸ್ ಕಳಿಸುವ ಹಾಗಿಲ್ಲ, ದೂರು ಕೊಟ್ಟವರಿಗೆ ಎಫ್‌ಐಆರ್ ಪ್ರತಿ ಉಚಿತ. ಇವೆರಡು ವಿಷಯವನ್ನು ಒಂದು ಹಾಳೆಯಲ್ಲಿ ಮುದ್ರಿಸಿ ಇಟ್ಟಿದ್ದೇವೆ. ನಮ್ಮಲ್ಲಿ ಅತಿ ಹೆಚ್ಚು ಖಾಲಿಯಾಗುವ ಹಾಳೆ ಅದೇ. ಹಳೆ ಪುಸ್ತಕ ಬಿಸಾಡಿಲ್ಲ, ಹಿಂದಿನ ಘಟನೆಗಳ ಕೇಸಿಗೆ ಹಳೆ ಐಪಿಸಿಯೇ ಬೇಕಲ್ಲ.

ಸಂವಿಧಾನವನ್ನೂ ಓದುತ್ತೇವೆ. 2023ರ ಸೆಪ್ಟೆಂಬರ್ 15ರಂದು ರಾಜ್ಯದ ತುಂಬ ಪೀಠಿಕೆ ಓದಿಸಿದರು, ನಮ್ಮ ಕಾಲೇಜಿನಲ್ಲೂ ಎಲ್ಲರೂ ಎದ್ದು ನಿಂತು ಓದಿದೆವು. ಒಳ್ಳೆಯದೇ. ಆದರೆ ಪೀಠಿಕೆ ದಾಟಿ ಒಳಗೆ ಹೋಗಬೇಕು. 15ನೇ ವಿಧಿಯ ಎರಡನೇ ಭಾಗದಲ್ಲಿ ಅಂಗಡಿ, ಹೋಟೆಲು, ಬಾವಿ, ಕೆರೆ, ಸ್ನಾನಘಟ್ಟ, ರಸ್ತೆ ಅಂತ ಒಂದೊಂದೇ ಹೆಸರು ಬರುತ್ತದೆ. ಜಾತಿ ಕಾರಣಕ್ಕೆ ಯಾರನ್ನೂ ಅಲ್ಲಿಂದ ದೂರ ಇಡುವ ಹಾಗಿಲ್ಲ ಅಂತ. ಅದನ್ನು ಓದಿದಾಗ ವಯಸ್ಸಾದ ಒಬ್ಬರು, ‘ಬಾವಿ ಕೆರೆನೂ ಹಾಕವ್ರಾ ಇದ್ರಲ್ಲಿ? ಇನ್ನೊಂದ್ಸಲ ಓದಪ್ಪ’ ಅಂದರು. ಹುಡುಗ ಮತ್ತೆ ಓದಿದ. ಅವರು ತಮ್ಮ ಊರಿನ ಬಾವಿಯ ಕಥೆ ಹೇಳಿದರು, ಯಾರು ಸೇದಿ ಹಾಕುತ್ತಿದ್ದರು, ಎಷ್ಟು ಹೊತ್ತು ಕೊಡ ಇಟ್ಟುಕೊಂಡು ಕಾಯಬೇಕಿತ್ತು ಅಂತ. 1927ರಲ್ಲಿ ಮಹಾರಾಷ್ಟ್ರದ ಮಹಾಡದ ಚವದಾರ್ ಕೆರೆಯ ನೀರು ಕುಡಿಯಲು ಅಂಬೇಡ್ಕರ್ ಸಾವಿರಾರು ಜನರನ್ನು ಕರೆದುಕೊಂಡು ಹೋದದ್ದನ್ನು ನಮ್ಮ ಹುಡುಗರು ಪರೀಕ್ಷೆಗೆ ಓದಿದ್ದರು. ಆವತ್ತು ಅವರ ಎದುರೇ ಅಂಥದೇ ನೀರಿಗೆ ಕಾದವರು ಕೂತಿದ್ದರು. ಮುಂದೆ ವಕೀಲರೋ ಜಡ್ಜೋ ಆಗುವ ಈ ಮಕ್ಕಳಿಗೆ ಇದು ತರಗತಿಯಲ್ಲಿ ಸಿಗುವುದಿಲ್ಲ. ಊರಿನವರಿಗೆ ನಾವು ಉಪಕಾರ ಮಾಡುತ್ತಿದ್ದೇವೆ ಅಂತ ಯಾರಾದರೂ ಅಂದರೆ ನನಗೆ ಸಿಟ್ಟು ಬರುತ್ತದೆ.

ಜನ ಬರುವುದಕ್ಕೆ ಅಡ್ಡಿಯಾಗುವುದು ಕಾನೂನಿನ ಕಷ್ಟ ಅಲ್ಲ, ಗೇಟು. ಐಡಿ ಕಾರ್ಡ್ ಎಲ್ಲಿ, ಯಾರನ್ನು ನೋಡಬೇಕು, ರಿಜಿಸ್ಟರಲ್ಲಿ ಬರಿ ಅಂದರೆ ಅರ್ಧ ಜನ ಅಲ್ಲಿಂದಲೇ ತಿರುಗಿ ಹೋಗುತ್ತಾರೆ. ಭಾನುವಾರ ಗೇಟಿನಲ್ಲಿ ಒಬ್ಬ ವಿದ್ಯಾರ್ಥಿ ನಿಂತು ಬಂದವರನ್ನು ಒಳಗೆ ಕರೆದುಕೊಂಡು ಬರುತ್ತಾನೆ. ಶನಿವಾರ ಬೇಡ ಅಂದಿದ್ದು ಗಾರ್ಮೆಂಟ್ಸ್ ಹೆಣ್ಣುಮಕ್ಕಳು. ಅವರಿಗೆ ರಜೆ ಅಂತ ಇರುವುದು ಭಾನುವಾರ ಒಂದೇ, ಅದರಲ್ಲೂ ಬಟ್ಟೆ ಒಗೆದು ಅಡಿಗೆ ಮುಗಿಸಿ ಬರಬೇಕು, ಅದಕ್ಕೇ ಓದು ಶುರುವಾಗುವುದು ಮಧ್ಯಾಹ್ನ ಮೂರು ಗಂಟೆಗೆ. ಕೆಲಸದ ಜಾಗದ ಲೈಂಗಿಕ ಕಿರುಕುಳದ ವಿರುದ್ಧದ 2013ರ ಕಾಯ್ದೆ ಓದಬೇಕು ಅಂತ ಕೇಳಿದ್ದೂ ಅವರೇ. ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಆಂತರಿಕ ಸಮಿತಿ ಇರಬೇಕು, ಸಾಮಾನ್ಯವಾಗಿ ಮೂರು ತಿಂಗಳೊಳಗೆ ದೂರು ಕೊಡಬೇಕು, ಚಿಕ್ಕ ಜಾಗದಲ್ಲಿ ದುಡಿಯುವವರಿಗೆ ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿ ಇದೆ.

ಬರಲು ಆಗದವರಿಗೂ ದಾರಿ ಇದೆ. ರಾಜ್ಯದ ಕಾಯ್ದೆಗಳು ಸಂಸದೀಯ ವ್ಯವಹಾರಗಳು ಮತ್ತು ಶಾಸನ ರಚನೆ ಇಲಾಖೆಯ ಜಾಲತಾಣದಲ್ಲಿ ಕನ್ನಡದಲ್ಲೇ ಸಿಗುತ್ತವೆ. ಕೇಂದ್ರದ ಕಾಯ್ದೆಗಳು ಸರ್ಕಾರದ ಜಾಲತಾಣವಾದ ಇಂಡಿಯಾ ಕೋಡ್‌ನಲ್ಲಿ ಉಚಿತ. ಸುಪ್ರೀಂ ಕೋರ್ಟಿನ ಕೆಲವು ತೀರ್ಪುಗಳ ಕನ್ನಡ ಅನುವಾದವೂ ಇದೆ. ಎಷ್ಟೋ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ಅರಿವು ಕೇಂದ್ರ ಆಗಿವೆ, ಕಂಪ್ಯೂಟರ್ ಇರುವ ಕಡೆ ಇವನ್ನು ತೆಗೆಸಿ ಓದಿಸಿಕೊಳ್ಳಬಹುದು. ಇನ್ನು, ಓದಿ ಆಯಿತು, ಈಗ ವಕೀಲರೇ ಬೇಕು ಅನ್ನುವವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಬೇಕು. 1987ರ ಕಾಯ್ದೆಯ 12ನೇ ಕಲಂ ಪ್ರಕಾರ ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರು, ಅಂಗವಿಕಲರು, ಬಂಧನದಲ್ಲಿ ಇರುವವರು, ಕೈಗಾರಿಕೆ ಕಾರ್ಮಿಕರು ಇವರಿಗೆಲ್ಲ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರು ಸಿಗುತ್ತಾರೆ. ಇದು ಗೊತ್ತಿಲ್ಲದೆ ಓಲೆ, ಸರ ಅಡ ಇಟ್ಟು ಫೀಸು ಕಟ್ಟಿದ ಹೆಂಗಸರನ್ನು ನಾನು ನೋಡಿದ್ದೇನೆ. ಸಹಾಯವಾಣಿ 15100, ಫೋನಿನಲ್ಲಿ ಸೇವ್ ಮಾಡಿಕೊಳ್ಳಿ.

ಮುಂದೆ ಅರಣ್ಯ ಹಕ್ಕು ಕಾಯ್ದೆ ಓದಬೇಕು ಅಂತಿದ್ದೇವೆ. 2006ರ ಕಾಯ್ದೆ. 2005ರ ಡಿಸೆಂಬರ್ 13ಕ್ಕೆ ಮೊದಲಿನಿಂದ ಕಾಡಿನ ಜಾಗದಲ್ಲಿ ಇರಬೇಕು, ಬುಡಕಟ್ಟಿನವರಲ್ಲದಿದ್ದರೆ ಮೂರು ತಲೆಮಾರು, ಅಂದರೆ 75 ವರ್ಷದ ಪುರಾವೆ ಬೇಕು. ಅರ್ಜಿ ಶುರುವಾಗುವುದು ಗ್ರಾಮಸಭೆಯಿಂದ. ಪುಸ್ತಕ ನಮ್ಮ ಹತ್ತಿರ ಇದೆ, ಆದರೆ ಅರಣ್ಯ ಹಕ್ಕು ಸಮಿತಿಯಲ್ಲಿ ಕೂತು ಅರ್ಜಿ ನೋಡಿದ ಅನುಭವ ನಮ್ಮಲ್ಲಿ ಯಾರಿಗೂ ಇಲ್ಲ. ಸಕಲೇಶಪುರ, ಮೂಡಿಗೆರೆ, ಶೃಂಗೇರಿ ಕಡೆ ಆ ಕೆಲಸ ಮಾಡಿದವರು ಯಾರಾದರೂ ಇದನ್ನು ಓದುತ್ತಿದ್ದರೆ ದಯವಿಟ್ಟು ಒಂದು ಭಾನುವಾರ ಬನ್ನಿ. ಆವತ್ತಿನ ಓದನ್ನು ನೀವೇ ನಡೆಸಿಕೊಡಿ, ಬಸ್ಸಿನ ಖರ್ಚು ನಾವು ನೋಡಿಕೊಳ್ಳುತ್ತೇವೆ.