ಕಕ್ಕಬ್ಬೆ ಕಾಡಿನ ವೆಲ್‌ನೆಸ್ ರೆಸಾರ್ಟ್: ದುಡ್ಡು ಕಟ್ಟುವ ಮುಂಚೆ ಇಷ್ಟು ಕೇಳಿಕೊಳ್ಳಿ

ನಮ್ಮ ಅತ್ತಿಗೆಗೆ ಹನ್ನೊಂದು ವರ್ಷದಿಂದ ಬಿಪಿ ಇದೆ. ಬೆಳಿಗ್ಗೆ ತಿಂಡಿ ಆದ ಕೂಡಲೇ ಒಂದು ಮಾತ್ರೆ, ಒಂದು ದಿನವೂ ತಪ್ಪಿಸುವುದಿಲ್ಲ. ಒಂದು ರಾತ್ರಿಗೆ 18,000 ರೂಪಾಯಿ ತಗೊಳ್ಳುವ ಜಾಗದಲ್ಲಿ ಅವರನ್ನು ಆವಿ ಪೆಟ್ಟಿಗೆಯೊಳಗೆ ಕೂರಿಸುವ ತನಕ ಈ ವಿಷಯವನ್ನು ಯಾರೂ ಕೇಳಲಿಲ್ಲ. ಕೊನೆಗೆ ಕೇಳಿದ್ದು ಎಣ್ಣೆ ಹಚ್ಚುವ ಹೆಂಗಸು. ಇಷ್ಟು ದಿನ ಕಳೆದರೂ ಅದು ನನ್ನ ಮನಸ್ಸಿನಿಂದ ಹೋಗಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಅತ್ತಿಗೆಗೆ ಐವತ್ತೈದು ತುಂಬಿತು ಅಂತ ಬೆಂಗಳೂರಿನಲ್ಲಿರುವ ಅವರ ಮಗ ಆನ್‌ಲೈನಲ್ಲಿ ಎರಡು ರಾತ್ರಿಗೆ ದುಡ್ಡು ಕಟ್ಟಿದ್ದ. ಮೊಣಕಾಲು ನೋವು, ಸರಿಯಾಗಿ ನಿದ್ದೆ ಇಲ್ಲ, ಸ್ವಲ್ಪ ಆರಾಮಾಗಿ ಇದ್ದು ಬರಲಿ ಅನ್ನೋದು ಅವನ ಆಸೆ. ಜೊತೆಗೆ ನಾನು. ಕೊಡಗಿನ ಕಕ್ಕಬ್ಬೆಯ ಕಡೆ, ತಡಿಯಂಡಮೋಳ್ ಬೆಟ್ಟದ ಸೀಮೆ. ಕೊಡಗಿನಲ್ಲೇ ಅತಿ ಎತ್ತರದ ಬೆಟ್ಟ ಅದು, 1,748 ಮೀಟರ್. ಡಾಂಬರು ರಸ್ತೆ ಮುಗಿದ ಮೇಲೆ ಜೀಪಿನಲ್ಲಿ ಇನ್ನೂ ಮುಕ್ಕಾಲು ಗಂಟೆ ಹೋಗಬೇಕು. ರೆಸಾರ್ಟಿನ ಹೆಸರು ಹೇಳುವುದಿಲ್ಲ. ಆ ಕಡೆ ಇಂಥವು ಸುಮಾರಿವೆ, ನಾನು ಹೇಳುವ ಮಾತು ಎಲ್ಲದಕ್ಕೂ ಅನ್ವಯಿಸುತ್ತದೆ.

ಮೊದಲು ಕೋಣೆಯ ಕಥೆ. ನಾವು ಹೋಗಿದ್ದು ಆಗಸ್ಟ್ 1ಕ್ಕೆ. ಮಳೆಗಾಲದಲ್ಲಿ ಆಯುರ್ವೇದದ ಚಿಕಿತ್ಸೆ ಚೆನ್ನಾಗಿ ಹಿಡಿಯುತ್ತದೆ ಅಂತ ಕೇರಳದ ಕಡೆ ನಂಬುತ್ತಾರೆ, ಕರ್ಕಾಟಕ ಮಾಸದ ಚಿಕಿತ್ಸೆ ಅಂತಲೇ ಹೆಸರು. ರೆಸಾರ್ಟಿನವರೂ ಅದನ್ನೇ ಹೇಳಿ ಮಳೆಗಾಲದ ಪ್ಯಾಕೇಜ್ ಮಾರುತ್ತಾರೆ. ಆದರೆ ಅದೇ ಮಳೆಯಲ್ಲಿ ಕೋಣೆ ಹೇಗಿರುತ್ತದೆ ಅಂತ ಹೇಳುವುದಿಲ್ಲ. ಮರದ ಕಾಟೇಜ್, ಮೂರು ಕಡೆ ಗಾಜು, ಫೋಟೋದಲ್ಲಿ ಸ್ವರ್ಗ. ಬಾಗಿಲು ತೆಗೆದ ತಕ್ಷಣ ಮುಗ್ಗಲು ವಾಸನೆ. ಅತ್ತಿಗೆ ಹಾಸಿಗೆ ಮೇಲೆ ಕೈ ಇಟ್ಟು, "ಇದು ಒಣಗೇ ಇಲ್ಲ ಕಣೇ" ಅಂದರು. ನಿಜ. ಹಾಸಿಗೆ, ದಿಂಬು, ಟವೆಲ್ ಎಲ್ಲಾ ತಣ್ಣಗೆ, ಕೈಗೆ ಅಂಟುವ ಹಾಗೆ. ಬೀರುವಿನ ಒಳಗೆ ಬಿಳಿ ಬೂಷ್ಟು. ಅವರೇ ಕೊಟ್ಟ ಬಟ್ಟೆ ಚಪ್ಪಲಿಯ ಅಡಿಯಲ್ಲೂ ಹಸಿರು ಚುಕ್ಕೆ. ಹೀಟರ್ ಕೇಳಿದೆವು. ಕರೆಂಟ್ ಹೋಗಿದೆ, ಜನರೇಟರ್ ಸಂಜೆ ಆರರಿಂದ ಹತ್ತರ ತನಕ ಮಾತ್ರ ಅಂದರು. ಹತ್ತು ಗಂಟೆಗೆ ಹೀಟರ್ ಆರಿತು. ಅತ್ತಿಗೆ ರಾತ್ರಿಯೆಲ್ಲಾ ಸ್ವೆಟರ್ ಹಾಕಿಕೊಂಡು, ಮೊಣಕಾಲಿಗೆ ಶಾಲು ಸುತ್ತಿಕೊಂಡು ಕೂತೇ ಇದ್ದರು. ನೋವು ಕಡಿಮೆ ಮಾಡಿಸಲು ಕರೆದುಕೊಂಡು ಬಂದವಳಿಗೆ ಅದನ್ನು ನೋಡುತ್ತಾ ಮಲಗಲು ಆಗುತ್ತದಾ?

ನನಗೆ ಜನಜಂಗುಳಿ ಆಗುವುದಿಲ್ಲ. ಮಡಿಕೇರಿಯ ರಾಜಾಸೀಟ್‌ನಲ್ಲಿ ಭಾನುವಾರ ಹತ್ತು ನಿಮಿಷ ನಿಲ್ಲಲಾರೆ. ಹಾಗಾಗಿ ಕಾಡು, ಒಂಟಿತನ, ಟಿವಿ ಇಲ್ಲದ ಕೋಣೆ ಇವೆಲ್ಲಾ ನನಗೆ ಇಷ್ಟವೇ. ಬೆಳಿಗ್ಗೆ ಐದೂವರೆಗೆ ಹೊರಗೆ ಬಂದಾಗ ಮಂಜು ಮೆಟ್ಟಿಲ ತನಕ ಬಂದಿತ್ತು, ಮಲಬಾರ್ ಸಿಳ್ಳಾರ ಹಕ್ಕಿ ಎಲ್ಲೋ ಕೂತು ಸಿಳ್ಳೆ ಹಾಕುತ್ತಿತ್ತು. ಥೇಟ್ ಮನುಷ್ಯರು ದಾರಿಯಲ್ಲಿ ಹೋಗುತ್ತಾ ಸಿಳ್ಳೆ ಹಾಕಿದ ಹಾಗೆ. ಅರ್ಧ ಗಂಟೆ ಅಲ್ಲೇ ನಿಂತಿದ್ದೆ. ಆದರೆ ಥಂಡಿ ಹಾಸಿಗೆಯನ್ನು ನಾನು ಸಹಿಸಲಾರೆ. ನೀವು ಸಹಿಸುವವರಾದರೆ ನನ್ನ ದೂರನ್ನು ಅರ್ಧಕ್ಕೆ ಇಳಿಸಿಕೊಳ್ಳಿ.

ಬಂದ ಕೂಡಲೇ ಫೋನ್ ತಗೊಂಡು ಲಾಕರಿನಲ್ಲಿ ಇಟ್ಟುಬಿಡುತ್ತಾರೆ. ಅದನ್ನು ಡಿಜಿಟಲ್ ಡಿಟಾಕ್ಸ್ ಅನ್ನುತ್ತಾರೆ. ನಾನು ಮೊದಲ ದಿನ ಕೊಟ್ಟೆ, ಆಮೇಲೆ ವಾಪಸ್ ತಗೊಂಡೆ. ಇದು 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದು ಊರೂರೇ ನಲುಗಿದ ಜಿಲ್ಲೆ. ಆಗಸ್ಟ್ ಮಳೆಯಲ್ಲಿ, ಕೋಣೆಯಲ್ಲಿ ಇಂಟರ್‌ಕಾಮ್ ಕೂಡ ಇಲ್ಲದಾಗ, ಮನೆಯವರಿಗೆ ನಮ್ಮ ಸುದ್ದಿ ಹೇಗೆ ಗೊತ್ತಾಗಬೇಕು? ರೆಸಾರ್ಟಿನ ಲ್ಯಾಂಡ್‌ಲೈನ್ ನಂಬರನ್ನು ಮನೆಯಲ್ಲಿ ಬರೆದಿಟ್ಟು ಹೊರಡಿ. ಟಾರ್ಚ್ ತಗೊಂಡು ಹೋಗಿ. ಆ ಕಡೆ ಆನೆ ಓಡಾಡುತ್ತದೆ, ಕತ್ತಲಾದ ಮೇಲೆ ಕಾಟೇಜಿನಿಂದ ಊಟದ ಮನೆಗೂ ಒಬ್ಬರೇ ನಡೆಯಬೇಡಿ, ಜೊತೆಗೆ ಕೆಲಸದವರನ್ನು ಕರೆಯಿರಿ.

ಈಗ ಚಿಕಿತ್ಸೆ. ವೆಬ್‌ಸೈಟಿನಲ್ಲಿ 'ಪಂಚಕರ್ಮ, 75 ನಿಮಿಷ, ಒಬ್ಬರಿಗೆ 6,500' ಅಂತ ಇತ್ತು. ನಮ್ಮ ತಾತ ಮೈಸೂರಿನಲ್ಲಿ ನಾಟಿ ಔಷಧಿ ಕೊಡುತ್ತಿದ್ದವರು, ಹಾಗಾಗಿ ಮನೆಯಲ್ಲಿ ಈ ಮಾತುಗಳು ಓಡಾಡುತ್ತಿದ್ದವು. ಪಂಚಕರ್ಮ ಅಂದರೆ ಐದು ಕ್ರಿಯೆ: ವಮನ (ವಾಂತಿ ಮಾಡಿಸುವುದು), ವಿರೇಚನ (ಭೇದಿ ಮಾಡಿಸುವುದು), ಬಸ್ತಿ (ಎನಿಮಾ), ನಸ್ಯ (ಮೂಗಿಗೆ ಔಷಧಿ ಬಿಡುವುದು), ರಕ್ತಮೋಕ್ಷಣ (ರಕ್ತ ತೆಗೆಯುವುದು). ವಮನ, ವಿರೇಚನಕ್ಕೆ ಮುಂಚೆ ಹಲವು ದಿನ ತುಪ್ಪ ಕುಡಿಸುತ್ತಾರೆ, ಎಣ್ಣೆ ಹಚ್ಚಿ ಬೆವರಿಸುತ್ತಾರೆ. ಆಮೇಲೆ ಗಂಜಿಯಿಂದ ಶುರುಮಾಡಿ ನಿಧಾನಕ್ಕೆ ಊಟಕ್ಕೆ ತರುತ್ತಾರೆ. ವಾರಗಳ ಕೆಲಸ. ಎಪ್ಪತ್ತೈದು ನಿಮಿಷದಲ್ಲಿ ಆಗುವುದು ಅಭ್ಯಂಗ, ಅಂದರೆ ಎಣ್ಣೆ ಹಚ್ಚುವುದು, ಮತ್ತು ಸ್ವೇದನ, ಅಂದರೆ ಆವಿ. ಎರಡೂ ಒಳ್ಳೆಯವೇ. ಆದರೆ ಅವನ್ನೇ ಪಂಚಕರ್ಮ ಅಂತ ಮಾರುವುದು ಮೋಸ. ಡಾಕ್ಟರ್ ಅಂತ ಒಬ್ಬರು ಬಂದು ಐದು ನಿಮಿಷ ನಾಡಿ ಹಿಡಿದರು, "ವಾತ ಜಾಸ್ತಿ ಇದೆ" ಅಂದರು, ಇನ್ನೆರಡು ಚಿಕಿತ್ಸೆಗೆ ಹೆಸರು ಬರೆಸಿ ಅಂದರು. ಬಿಪಿ ನೋಡಲಿಲ್ಲ, ಯಾವ ಮಾತ್ರೆ ತಗೊಳ್ಳುತ್ತೀರಿ ಅಂತಲೂ ಕೇಳಲಿಲ್ಲ.

ಎಣ್ಣೆ ಹಚ್ಚಲು ಬಂದಾಕೆ ಕಣ್ಣೂರಿನವರು. ನಲವತ್ತರ ಆಸುಪಾಸು, ಮಲಯಾಳಂ ಬೆರೆತ ಕನ್ನಡ. ಹಿತ್ತಾಳೆ ಬಟ್ಟಲಿನಲ್ಲಿ ಎಣ್ಣೆ ಬಿಸಿಮಾಡಿ, ಒಂದು ಹನಿಯನ್ನು ತನ್ನ ಮಣಿಕಟ್ಟಿನ ಒಳಭಾಗಕ್ಕೆ ಬಿಟ್ಟುಕೊಂಡು ನೋಡಿದರು, ಮಗುವಿಗೆ ಹಾಲು ಕೊಡುವ ಮುಂಚೆ ನೋಡುವ ಹಾಗೆ. ಸ್ವಲ್ಪ ಕಾದು ಇನ್ನೊಮ್ಮೆ ನೋಡಿದರು. ಅತ್ತಿಗೆಯ ಮೊಣಕಾಲ ಚಿಪ್ಪಿನ ಸುತ್ತ ಹೆಬ್ಬೆರಳಿನಿಂದ ಸುತ್ತು ಹಾಕುತ್ತಾ, ಎಲ್ಲಿ ಮುಖ ಕಿವುಚಿದರೋ ಅಲ್ಲಿ ಕೈ ಹಗುರ ಮಾಡುತ್ತಿದ್ದರು. ಆವಿ ಪೆಟ್ಟಿಗೆಯಲ್ಲಿ ಕೂರಿಸಿ ಮುಚ್ಚಳ ಹಾಕುವಾಗ ಅತ್ತಿಗೆಯ ಮುಖ ಕೆಂಪಾಗಿದ್ದು ಕಂಡು ಕೈ ನಿಲ್ಲಿಸಿದರು. "ಚೇಚೀ (ಅಕ್ಕಾ), ಬಿಪಿಗೆ ಮಾತ್ರೆ ಉಂಟಾ?" ಅಂತ ಕೇಳಿದರು. ಹೌದು ಅಂದ ತಕ್ಷಣ ಆವಿ ಆರಿಸಿ ಹೊರಗೆ ಕರೆತಂದರು. ಹಬೆ ಬೇಡ, ಇನ್ನೂ ಸ್ವಲ್ಪ ಹೊತ್ತು ಎಣ್ಣೆ ಹಚ್ಚುತ್ತೇನೆ ಅಂದರು. ಆ ರಾತ್ರಿ ಅತ್ತಿಗೆ ಆರು ಗಂಟೆ ನಿದ್ದೆ ಮಾಡಿದರು. ಆ ರೆಸಾರ್ಟಿನಲ್ಲಿ ವೈದ್ಯ ಅನ್ನಿಸಿಕೊಳ್ಳಲು ಯೋಗ್ಯರಾದವರು ಆಕೆಯೊಬ್ಬರೇ. ಹೊರಡುವಾಗ ಕೈ ಹಿಡಿದು ದುಡ್ಡು ಕೊಟ್ಟು ಬಂದೆ. ನೀವೂ ಟಿಪ್ಸ್ ಕೊಡುವುದಿದ್ದರೆ ಬಿಲ್ಲಿಗೆ ಸೇರಿಸಬೇಡಿ, ಕೆಲಸ ಮಾಡಿದವರ ಕೈಗೇ ಕೊಡಿ.

ಮನೆಯಲ್ಲಿ ಬಿಪಿ, ಸಕ್ಕರೆ, ಹೃದಯದ ತೊಂದರೆ ಇರುವವರಿದ್ದರೆ, ಬುಕ್ ಮಾಡುವ ಮುಂಚೆ ಫೋನ್ ಮಾಡಿ ಮೂರು ವಿಷಯ ಕೇಳಿ. ಡಾಕ್ಟರ್ ಬಿಎಎಂಎಸ್, ಅಂದರೆ ಆಯುರ್ವೇದ ವೈದ್ಯ ಪದವಿ, ಓದಿದವರಾ? ಅಲ್ಲೇ ಇರುತ್ತಾರಾ, ಬಂದು ಹೋಗುತ್ತಾರಾ? ಚಿಕಿತ್ಸೆಗೆ ಮುಂಚೆ ಬಿಪಿ ನೋಡುತ್ತಾರಾ? ಉತ್ತರ ತಡವರಿಸಿದರೆ ಬಿಟ್ಟುಬಿಡಿ. ನಿಜವಾಗಿ ಪಂಚಕರ್ಮವೇ ಬೇಕು ಅಂದರೆ ಮೈಸೂರಿನ ಸರ್ಕಾರಿ ಆಯುರ್ವೇದ ಕಾಲೇಜಿನ ಆಸ್ಪತ್ರೆ ಇದೆ, ಹಾಸನದಲ್ಲಿ, ಉಡುಪಿಯಲ್ಲಿ ಎಸ್‌ಡಿಎಂ ಆಯುರ್ವೇದ ಆಸ್ಪತ್ರೆಗಳಿವೆ. ದಾಖಲಾಗಿ ಇದ್ದು ಮಾಡಿಸಿಕೊಳ್ಳಬಹುದು. ಕಾಡು ಕಾಣುವುದಿಲ್ಲ, ಆದರೆ ರೋಗಿಯನ್ನು ನೋಡುತ್ತಾರೆ.

ಊಟ ಪ್ಯಾಕೇಜಿನಲ್ಲೇ ಸೇರಿತ್ತು. ಕಿನೋವಾ ಗಂಜಿ, ಬೇಯಿಸಿದ ಬ್ರೊಕೋಲಿ, ಚಿಕ್ಕ ಬಟ್ಟಲಿನಲ್ಲಿ ಸೂಪು. ಸಂಜೆ ಏಳಕ್ಕೆ ಅಡುಗೆಮನೆ ಬಾಗಿಲು ಮುಚ್ಚುತ್ತದೆ. ಸುತ್ತಲೂ ಭತ್ತದ ಗದ್ದೆ, ಎದುರಿಗೆ ನಾಟಿ ನಡೆಯುತ್ತಿದೆ, ತಟ್ಟೆಯಲ್ಲಿ ಎಲ್ಲಿಂದಲೋ ಬಂದ ಕಾಳು. ಕಕ್ಕಬ್ಬೆಯ ಜೇನಿಗೆ ಅಷ್ಟು ಹೆಸರಿದೆ, ಇಲ್ಲಿ ಪ್ಲಾಸ್ಟಿಕ್ ಪೊಟ್ಟಣದ ಜೇನು ಕೊಟ್ಟರು. ಬಿಸ್ಕತ್ತು, ಚಕ್ಕುಲಿ, ಏನಾದರೂ ಚೀಲದಲ್ಲಿ ಇಟ್ಟುಕೊಳ್ಳಿ.

ಮೂರನೇ ದಿನ ಬಿಲ್ ಬಂತು. ಕೋಣೆಗೆ 36,000, ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ 6,480, ಇದನ್ನು ಅತ್ತಿಗೆಯ ಮಗ ಮೊದಲೇ ಕಟ್ಟಿದ್ದ. (ದಿನಕ್ಕೆ 7,500 ರೂಪಾಯಿ ದಾಟಿದ ಕೋಣೆಗೆ 18 ಪರ್ಸೆಂಟ್, ನೆನಪಿರಲಿ.) ನಮ್ಮ ಕೈಯಿಂದ ಹೋಗಬೇಕಾದದ್ದು ಬೇರೆ. ಮೈಸೂರಿನಿಂದ ಕರೆತಂದ ವ್ಯಾನಿಗೆ 6,000. ಇದು ಪ್ಯಾಕೇಜಿನಲ್ಲಿ ಸೇರಿದೆ ಅಂತಲೇ ನಾವು ತಿಳಿದಿದ್ದೆವು. ಜೀಪಿಗೆ ಎರಡು ಸಲಕ್ಕೆ 3,000. ಇಬ್ಬರ ಚಿಕಿತ್ಸೆಗೆ 13,000. ಬಂದಾಗೆಲ್ಲಾ ನಗುನಗುತ್ತಾ ಕೈಗೆ ಕೊಟ್ಟ ಕಷಾಯಕ್ಕೆ 1,400! ಒಟ್ಟು 23,400, ಅದರ ಮೇಲೆ ಹತ್ತು ಪರ್ಸೆಂಟ್ ಸರ್ವಿಸ್ ಚಾರ್ಜ್ 2,340. ಸರ್ವಿಸ್ ಚಾರ್ಜನ್ನು ಬಿಲ್ಲಿಗೆ ತಾವಾಗಿಯೇ ಸೇರಿಸುವ ಹಾಗಿಲ್ಲ ಅಂತ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರಲ್ಲೇ ಹೇಳಿದೆ. ದೆಹಲಿ ಹೈಕೋರ್ಟ್ 2025ರ ಮಾರ್ಚಿನಲ್ಲಿ ಅದನ್ನು ಎತ್ತಿಹಿಡಿದಿದೆ. ನಾನು ಜಗಳ ಮಾಡಲಿಲ್ಲ. "ಇದನ್ನು ತೆಗೀರಿ, ಇಲ್ಲಾಂದ್ರೆ 1915ಕ್ಕೆ ಫೋನ್ ಮಾಡ್ತೀನಿ" ಅಂದೆ. ಗ್ರಾಹಕ ಸಹಾಯವಾಣಿ ನಂಬರ್ ಅದು. ಎರಡು ನಿಮಿಷದಲ್ಲಿ ಹೊಸ ಬಿಲ್ ಬಂತು. ಕಷಾಯದ ದುಡ್ಡು ಮಾತ್ರ ಬಿಡಲಿಲ್ಲ. ಹಾಗಾಗಿ ಕೈಗೆ ಏನು ಕೊಟ್ಟರೂ ಇದಕ್ಕೆ ದುಡ್ಡು ಉಂಟಾ ಅಂತ ಮೊದಲು ಕೇಳಿ. ಏನೇನು ಸೇರಿದೆ ಅನ್ನೋದನ್ನು ವಾಟ್ಸ್ಯಾಪಿನಲ್ಲಿ ಬರೆಸಿಕೊಳ್ಳಿ.

ವಾಪಸ್ ಬರುವಾಗ ವ್ಯಾನ್ ಬೇಡ ಅಂದೆವು. ಜೀಪು ಕಕ್ಕಬ್ಬೆಯಲ್ಲಿ ಇಳಿಸಿತು, ಅಲ್ಲಿಂದ ಖಾಸಗಿ ಬಸ್ಸಿನಲ್ಲಿ ನಾಪೋಕ್ಲು. ನಮ್ಮ ಪ್ರವಾಸ ಶುರುವಾಗಿದ್ದೇ ಅಲ್ಲಿ ಅನ್ನಬೇಕು.

ಆವತ್ತು ಆಗಸ್ಟ್ 3. ಕೊಡವರಿಗೆ ಅದು ಕಕ್ಕಡ ಪದಿನೆಟ್ಟ್, ಕಕ್ಕಡ ತಿಂಗಳ ಹದಿನೆಂಟನೇ ದಿನ. ಮದ್ದು ಸೊಪ್ಪು ಅನ್ನೋ ಕಾಡುಗಿಡದಲ್ಲಿ ಆ ಹೊತ್ತಿಗೆ ಹದಿನೆಂಟು ಬಗೆಯ ಔಷಧಿ ಗುಣ ಕೂಡಿರುತ್ತದೆ ಅನ್ನೋದು ಅವರ ನಂಬಿಕೆ. ಬಸ್ ಇಳಿದು ಎರಡು ಹೆಜ್ಜೆ ಹಾಕಿದರೆ ಮನೆಯ ಮುಂದಿನ ಜಗಲಿಯನ್ನೇ ಹೋಟೆಲ್ ಮಾಡಿಕೊಂಡ ಒಂದು ಜಾಗ. ಬೋರ್ಡ್ ಇಲ್ಲ, ನಾಲ್ಕು ಮೇಜು, ಒಲೆ ಪಕ್ಕದಲ್ಲೇ ಬೆಂಚು. ಅತ್ತಿಗೆ ನೇರ ಒಲೆ ಪಕ್ಕ ಹೋಗಿ ಕೂತರು. ಮೂರು ದಿನದಲ್ಲಿ ಅವರ ಮೈ ಬೆಚ್ಚಗಾಗಿದ್ದು ಅದೇ ಮೊದಲು.

ಕಡಂಬುಟ್ಟು ಬಂತು. ಅಕ್ಕಿ ತರಿಯ ಉಂಡೆ, ಒಡೆದರೆ ಒಳಗಿಂದ ಹಬೆ. ಜೊತೆಗೆ ಬೈಂಬಳೆ ಕರಿ, ಅಂದರೆ ಕಳಲೆ ಸಾರು. ಕಳಲೆಯನ್ನು ಹೆಚ್ಚಿ ನೀರು ಬದಲಾಯಿಸುತ್ತಾ ಎರಡು ದಿನ ನೆನೆಸಿ ಮಾಡಿದ್ದು, ಕಹಿ ಚೂರೂ ಇರಲಿಲ್ಲ. ನಾನು ನಾಟಿಕೋಳಿ ಸಾರು ತಗೊಂಡೆ, ಮೇಲೆ ಎರಡು ಹನಿ ಕಾಚಂಪುಳಿ. ಕಪ್ಪಗೆ, ಕಾಕಂಬಿಯ ಹಾಗೆ ಕಾಣುವ ಹುಳಿ ಅದು, ನಾಲಿಗೆಯ ಅಂಚು ಜುಮ್ ಅನ್ನುತ್ತದೆ. ಅತ್ತಿಗೆ ಮೂರು ಉಂಡೆ ತಿಂದರು. ನಾಲ್ಕನೆಯದನ್ನು ಆ ಮನೆಯಾಕೆ ಕೇಳದೇ ತಟ್ಟೆಗೆ ಹಾಕಿ, "ತಿನ್ನಿ ಅಕ್ಕ, ಮಳೆಗೆ ಹಸಿವು ಜಾಸ್ತಿ" ಅಂದರು.

ಆಮೇಲೆ ಮದ್ದು ಪಾಯಸ. ಸೊಪ್ಪು ಬೇಯಿಸಿದ ನೀರು ಗಾಢ ನೇರಳೆ, ಹೆಚ್ಚುಕಮ್ಮಿ ಶಾಯಿಯ ಬಣ್ಣ. ಅದರಲ್ಲೇ ಅಕ್ಕಿ ಬೇಯಿಸಿ, ಬೆಲ್ಲ, ತೆಂಗಿನಹಾಲು ಹಾಕಿದ್ದರು. ವಾಸನೆ ಎಷ್ಟು ಚೆನ್ನಾಗಿತ್ತು ಅಂದರೆ ಬಟ್ಟಲನ್ನು ಮೂಗಿನ ಹತ್ತಿರ ಹಿಡಿದುಕೊಂಡು ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. ಆಕೆ ಮೊದಲೇ ಎಚ್ಚರಿಸಿದರು: "ನಾಳೆ ಮೂತ್ರ ಕೆಂಪಗೆ ಹೋಗ್ತದೆ, ಹೆದರ್ಬೇಡಿ, ಅದು ಸೊಪ್ಪಿನ ಬಣ್ಣ." ಬಿಪಿ ಇದೆ ಅಂದಾಗ, ಪಾಯಸಕ್ಕೆ ಬೆಲ್ಲ ಹಾಕಿದೆ, ಸಕ್ಕರೆ ಕಾಯಿಲೆಯೂ ಇದೆಯಾ ಅಂತ ವಿಚಾರಿಸಿದರು. ಇಬ್ಬರ ಊಟ, ಎರಡು ಬಟ್ಟಲು ಪಾಯಸ, ಎರಡು ಕಾಫಿ ಎಲ್ಲಾ ಸೇರಿ 310 ರೂಪಾಯಿ. ಆಗಸ್ಟ್ 3ರ ಆಸುಪಾಸಿನಲ್ಲಿ ಕೊಡಗಿಗೆ ಹೋಗುವವರು ಇದನ್ನು ತಪ್ಪಿಸಲೇಬೇಡಿ. ಯಾವ ಊರಲ್ಲಿದ್ದರೂ ಚಿಕ್ಕ ಹೋಟೆಲಿನಲ್ಲಿ ವಿಚಾರಿಸಿ, ಇಲ್ಲದಿದ್ದರೆ ಯಾರ ಮನೆಯಲ್ಲಿ ಸಿಗುತ್ತದೆ ಅಂತ ಅವರೇ ಹೇಳುತ್ತಾರೆ.

ಇಷ್ಟಾದರೂ ಆ ಕಾಡಿನ ಕಡೆ ಹೋಗಲೇಬೇಕು ಅನ್ನಿಸಿದರೆ ನವೆಂಬರಿನಿಂದ ಫೆಬ್ರವರಿ ಒಳಗೆ ಹೋಗಿ. ಹಾಸಿಗೆ ಒಣಗಿರುತ್ತದೆ. ಕಕ್ಕಬ್ಬೆ ಕಡೆ ಹೋಂಸ್ಟೇಗಳಿವೆ, ಮನೆಯೂಟ ಸಿಗುತ್ತದೆ. ಬೆಟ್ಟದ ಬುಡದಲ್ಲಿ ನಾಲ್ಕುನಾಡು ಅರಮನೆ ಇದೆ, ದೊಡ್ಡವೀರರಾಜೇಂದ್ರ 1792ರಲ್ಲಿ ಕಟ್ಟಿಸಿದ್ದು. 1834ರಲ್ಲಿ ಬ್ರಿಟಿಷರು ಬಂದಾಗ ಕೊನೆಯ ರಾಜ ಚಿಕವೀರರಾಜೇಂದ್ರ ಬಂದು ಅಡಗಿದ್ದು ಇಲ್ಲೇ. ರೆಸಾರ್ಟಿನವರು ಇದರ ಹೆಸರೂ ಎತ್ತಲಿಲ್ಲ. ಜಿಗಣೆಗೆ ಹಳೇ ಬಟ್ಟೆಯಲ್ಲಿ ಉಪ್ಪು ಕಟ್ಟಿ ಕೋಲಿಗೆ ಸಿಕ್ಕಿಸಿಕೊಳ್ಳಿ. ಕಚ್ಚಿದರೆ ರಕ್ತ ಸ್ವಲ್ಪ ಹೊತ್ತು ಹರಿಯುತ್ತಲೇ ಇರುತ್ತದೆ, ಗಾಬರಿ ಬೇಡ.

ನಾಪೋಕ್ಲುವಿನಿಂದ ಮಡಿಕೇರಿಗೆ ಖಾಸಗಿ ಬಸ್ ಹಿಡಿದೆವು, ಟಿಕೆಟ್ ತಗೊಳ್ಳಬೇಕು. ಮಡಿಕೇರಿಯಿಂದ ಮೈಸೂರಿಗೆ ಕೆಎಸ್‌ಆರ್‌ಟಿಸಿ ಸಾಮಾನ್ಯ ಬಸ್ಸಿನಲ್ಲಿ ಹೆಂಗಸರಿಗೆ ಶಕ್ತಿ ಯೋಜನೆ ಇದೆ, ಆಧಾರ್ ಕೈಯಲ್ಲಿರಲಿ. ಹೋಗುವಾಗ ಆರು ಸಾವಿರ ಕೊಟ್ಟ ದಾರಿಗೆ ಬರುವಾಗ ಶೂನ್ಯ ಟಿಕೆಟ್. ಅತ್ತಿಗೆಯ ಮಡಿಲಲ್ಲಿ ಪೇಪರಿನಲ್ಲಿ ಸುತ್ತಿದ ಒಂದು ಕಟ್ಟು ಮದ್ದು ಸೊಪ್ಪು ಇತ್ತು, ಹೋಟೆಲಿನಾಕೆ ದುಡ್ಡು ಬೇಡ ಅಂತ ಕೊಟ್ಟಿದ್ದು. ಕುಶಾಲನಗರ ದಾಟುವಷ್ಟರಲ್ಲಿ ಬಸ್ಸಿನಲ್ಲಿ ನಾಲ್ಕು ಜನ ಅದೇನು ವಾಸನೆ ಅಂತ ಕೇಳಿದ್ದರು. ಪ್ರತಿಯೊಬ್ಬರಿಗೂ ಅತ್ತಿಗೆ ಪಾಯಸ ಮಾಡುವ ಬಗೆಯನ್ನು ಮೊದಲಿಂದ ಹೇಳಿದರು.